ಕೂಡಿ ಮಾಡುವ ಕೆಲಸವನ್ನು ಕಲಿಸುವವರಾರು?

ಹೋಟೆಲುಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿಯುವ ಹೊರನಾಡ ಕನ್ನಡಿಗರ ಮಕ್ಕಳು ಇಂದು ಇಂಜಿನಿಯರಿಂಗ್ ಕಾಲೇಜುಗಳನ್ನು ಸೇರುತ್ತಿರುವುದು, ಅವರಲ್ಲಿ ಅನೇಕರು ಕಂಪ್ಯೂಟರ್ ಶಾಖೆಯನ್ನೇ ಆರಿಸಿಕೊಳ್ಳುತ್ತಿರುವುದು ಸಂತೋಷದ ಸಂಗತಿಯೇ ಸರಿ. ಬೆಳಗಿನ ನಾಲ್ಕಕ್ಕೆ ಎದ್ದು ಅಡುಗೆಮನೆಯ ಒಲೆ ಹೊತ್ತಿಸುವ ತಂದೆಯ ಮಗಳು ಪದವೀಧರೆಯಾಗುವುದು ಸಾಮಾನ್ಯ ಸಾಧನೆಯಲ್ಲ. ಆದರೆ ಈ ಸಂತೋಷದ ನಡುವೆಯೇ ಒಂದು ಪ್ರಶ್ನೆಯನ್ನು ಕೇಳದೆ ವಿಧಿಯಿಲ್ಲ. ಈ ಮಕ್ಕಳು ಮುಂದೆ ಕೈಗೊಳ್ಳಲಿರುವ ಉದ್ಯೋಗವು ಒಬ್ಬಂಟಿಯಾಗಿ ಮಾಡುವಂಥದಲ್ಲ. ಹತ್ತಾರು ಜನರೊಡನೆ ಕೂಡಿ ಮಾಡಬೇಕಾದದ್ದು. ಹಾಗೆ ಕೂಡಿ ಕೆಲಸ ಮಾಡುವುದು ಹೇಗೆ, ಜೊತೆಗಾರನ ಕೆಲಸದಲ್ಲಿಯ ತಪ್ಪನ್ನು ಅವನ ಮನ ನೋಯದಂತೆ ತೋರಿಸುವುದು ಹೇಗೆ, ತನ್ನ ತಪ್ಪನ್ನು ಇನ್ನೊಬ್ಬನು ತೋರಿಸಿದಾಗ ಅದನ್ನು ಸ್ವೀಕರಿಸುವುದು ಹೇಗೆ ಎಂಬುದನ್ನು ಅವರಿಗೆ ಯಾರು ಕಲಿಸುತ್ತಿದ್ದಾರೆ?

ಇಂಜಿನಿಯರಿಂಗ್ ವಿದ್ಯಾಭ್ಯಾಸದ ಕೊನೆಯ ವರ್ಷದಲ್ಲಿ 'ಪ್ರಾಜೆಕ್ಟು' ಎಂಬುದೊಂದಿದೆ. ಮೂರು ನಾಲ್ಕು ವಿದ್ಯಾರ್ಥಿಗಳು ಒಂದು ಗುಂಪಾಗಿ ಏನಾದರೊಂದು ಉಪಯುಕ್ತವಾದ ಪ್ರೋಗ್ರಾಮನ್ನು ರಚಿಸಿ, ಅದರ ವರದಿಯನ್ನು ಒಪ್ಪಿಸಿ, ಪರೀಕ್ಷಕರ ಮುಂದೆ ವಿವರಿಸಬೇಕು. ಉದ್ದೇಶವೇನೋ ಉತ್ತಮವಾದದ್ದೇ. ಆದರೆ ಹಲವೆಡೆ ನಡೆಯುವುದೇನೆಂಬುದು ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಸಮಾನವಾಗಿ ತಿಳಿದಿರುವ ಗುಟ್ಟು. ಒಬ್ಬನು ರಾತ್ರಿ ನಿದ್ದೆಗೆಟ್ಟು ಎಲ್ಲವನ್ನೂ ಬರೆಯುತ್ತಾನೆ. ಇನ್ನೊಬ್ಬಳು ವರದಿಯನ್ನು ಟೈಪು ಮಾಡುತ್ತಾಳೆ. ಮೂರನೆಯವನು ಬೈಂಡಿಂಗಿನ ಹಣ ಕೊಡುತ್ತಾನೆ. ನಾಲ್ಕನೆಯವನು ಪರೀಕ್ಷೆಯ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ನಿಲ್ಲುತ್ತಾನೆ. ಅಂಕಗಳು ಮಾತ್ರ ನಾಲ್ವರಿಗೂ ಹೆಚ್ಚುಕಡಮೆ ಒಂದೇ. ಸಿದ್ಧಪಡಿಸಿದ ಪ್ರಾಜೆಕ್ಟುಗಳನ್ನು ಹಣಕ್ಕೆ ಮಾರುವ ಅಂಗಡಿಗಳೂ ನಮ್ಮ ನಗರಗಳಲ್ಲಿ ಇಲ್ಲದಿಲ್ಲ.

ನಾಲ್ವರನ್ನು ಒಂದು ಮೇಜಿನ ಸುತ್ತ ಕೂರಿಸಿದ ಮಾತ್ರಕ್ಕೆ ಅವರು ತಂಡವಾಗುವುದಿಲ್ಲ. ಈಜು ಕಲಿಸುತ್ತೇವೆಂದು ಹೇಳಿ ಮಕ್ಕಳನ್ನು ಬಾವಿಗೆ ತಳ್ಳಿ, ಮೇಲೆ ಬಂದವರಿಗೆ ಅಂಕ ಕೊಡುವುದು ಬೋಧನೆಯೆನಿಸುವುದಿಲ್ಲ. ಕೂಡಿ ಕೆಲಸ ಮಾಡುವುದು ಗಣಿತದಂತೆಯೇ ಕಲಿಸಬೇಕಾದ, ಅಭ್ಯಾಸ ಮಾಡಿಸಬೇಕಾದ, ಪರೀಕ್ಷಿಸಬೇಕಾದ ವಿದ್ಯೆಯೆಂಬುದು ನಮ್ಮ ಖಚಿತವಾದ ಅಭಿಪ್ರಾಯ. ಅದನ್ನು ಕಲಿಸದಿರುವುದರಿಂದ ಆಗುವ ಹಾನಿಯು ಬೇರೆಲ್ಲರಿಗಿಂತ ಹೆಚ್ಚಾಗಿ ನಮ್ಮಂತಹ ಸಾಧಾರಣ ಸ್ಥಿತಿಯ ಮನೆಗಳ ಮಕ್ಕಳ ಮೇಲೆ ಬೀಳುತ್ತದೆಂಬುದನ್ನೂ ವಾಚಕರ ಗಮನಕ್ಕೆ ತರಬಯಸುತ್ತೇವೆ.

ಮೊದಲು ಈ ಉದ್ಯೋಗದ ಸ್ವರೂಪವನ್ನು ತಿಳಿಯುವುದು ಅವಶ್ಯಕ. 1968ರ ಅಕ್ಟೋಬರಿನಲ್ಲಿ ಅಂದಿನ ಪಶ್ಚಿಮ ಜರ್ಮನಿಯ ಗಾರ್ಮಿಶ್ ಎಂಬ ಊರಿನಲ್ಲಿ, ನ್ಯಾಟೋ ಒಕ್ಕೂಟದ ಆಶ್ರಯದಲ್ಲಿ, ತಜ್ಞರ ಒಂದು ಸಮ್ಮೇಳನ ನೆರೆಯಿತು. ದೊಡ್ಡ ದೊಡ್ಡ ಪ್ರೋಗ್ರಾಮುಗಳು ಹೇಳಿದ ಕಾಲಕ್ಕೆ ಮುಗಿಯುತ್ತಿರಲಿಲ್ಲ, ಮುಗಿದರೂ ಅಂದಾಜಿಗಿಂತ ಹೆಚ್ಚು ಹಣ ನುಂಗುತ್ತಿದ್ದುವು, ತಪ್ಪುಗಳಿಂದಲೂ ತುಂಬಿರುತ್ತಿದ್ದುವು. ಇದಕ್ಕೆ ಪರಿಹಾರ ಹುಡುಕಲು ನೆರೆದ ಆ ಸಮ್ಮೇಳನಕ್ಕೆ ಇಟ್ಟ ಹೆಸರೇ 'ಸಾಫ್ಟ್‌ವೇರ್ ಇಂಜಿನಿಯರಿಂಗ್'. ಈ ಶಾಸ್ತ್ರದ ಹೆಸರು ಲೋಕದಲ್ಲಿ ಬಳಕೆಗೆ ಬಂದುದಕ್ಕೆ ಅದೇ ಮುಖ್ಯ ಕಾರಣವಾಯಿತು. ಅನೇಕರು ಸೇರಿ ಕಟ್ಟುವ ಕೆಲಸ ದಾರಿ ತಪ್ಪುವುದೇಕೆ ಎಂಬ ಪ್ರಶ್ನೆ ಈ ಶಾಸ್ತ್ರದ ಹುಟ್ಟಿನಲ್ಲಿಯೇ ಇತ್ತು.

ಅದಕ್ಕೆ ದೊರೆತ ಉತ್ತರಗಳಲ್ಲಿ ಪ್ರಸಿದ್ಧವಾದದ್ದು ಅಮೆರಿಕದ ಫ್ರೆಡರಿಕ್ ಬ್ರೂಕ್ಸರದು. ಐ.ಬಿ.ಎಂ. ಕಂಪೆನಿಯಲ್ಲಿ ಒಂದು ಬೃಹತ್ ಪ್ರೋಗ್ರಾಮಿನ ರಚನೆಯ ನೇತೃತ್ವ ವಹಿಸಿ, ಅನಂತರ ಪ್ರಾಧ್ಯಾಪಕರಾದ ಇವರು 1975ರಲ್ಲಿ 'ದಿ ಮಿಥಿಕಲ್ ಮ್ಯಾನ್-ಮಂತ್' ಎಂಬ ಗ್ರಂಥವನ್ನು ಹೊರತಂದರು. ತಡವಾಗಿರುವ ಕೆಲಸಕ್ಕೆ ಹೊಸ ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆಂಬುದು ಅವರ ಸಿದ್ಧಾಂತದ ಸಾರ. ಹೊಸಬರಿಗೆ ಕಲಿಸುವುದರಲ್ಲಿ ಹಳಬರ ಹೊತ್ತು ಹೋಗುತ್ತದೆ. ಜೊತೆಗೆ, ಜನ ಹೆಚ್ಚಿದಂತೆ ಒಬ್ಬರೊಡನೊಬ್ಬರು ಮಾತಾಡಬೇಕಾದ ದಾರಿಗಳು ಅದಕ್ಕಿಂತ ವೇಗವಾಗಿ ಹೆಚ್ಚುತ್ತವೆ. ನಾಲ್ವರಿದ್ದರೆ ಇಬ್ಬಿಬ್ಬರ ನಡುವಣ ದಾರಿಗಳು 6; ಎಂಟು ಜನರಿದ್ದರೆ 28; ಹತ್ತು ಜನರಿದ್ದರೆ 45. ಈ ದಾರಿಗಳಲ್ಲಿ ಒಂದು ಮುಚ್ಚಿಹೋದರೂ ಕೆಲಸಕ್ಕೆ ಪೆಟ್ಟು ಬೀಳಬಹುದು.

ಹೋಟೆಲಿನ ಅಡುಗೆಮನೆಯನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ. ಗಿರಾಕಿಗಳ ನೂಕುನುಗ್ಗಲಿನ ಹೊತ್ತಿಗೆ ಇಬ್ಬರು ಹೊಸ ಸಪ್ಲೈಯರುಗಳನ್ನು ತಂದು ನಿಲ್ಲಿಸಿದರೆ ಕೆಲಸ ಹಗುರಾಗುವುದಿಲ್ಲ. ಯಾವ ಮೇಜು ಯಾರದು, ಯಾವುದಕ್ಕೆ ಎಷ್ಟು ಬೆಲೆ ಎಂದು ಅವರಿಗೆ ಹೇಳುತ್ತ ಹಳಬರೂ ನಿಲ್ಲಬೇಕಾಗುತ್ತದೆ. ರಾತ್ರಿ ಹಿಟ್ಟು ರುಬ್ಬಿದವನು ತಾನು ಉಪ್ಪು ಹಾಕಿದ್ದೇನೆಯೇ ಇಲ್ಲವೇ ಎಂಬುದನ್ನು ಬೆಳಗಿನ ದೋಸೆಯ ಭಟ್ಟರಿಗೆ ತಿಳಿಸದೆ ಹೋದರೆ, ಇಬ್ಬರೂ ತಮ್ಮ ತಮ್ಮ ಕೆಲಸದಲ್ಲಿ ಎಷ್ಟೇ ನುರಿತವರಾಗಿದ್ದರೂ ಗಿರಾಕಿಯ ತಟ್ಟೆಗೆ ಬರುವುದು ಒಂದೋ ಸಪ್ಪೆ ದೋಸೆ, ಇಲ್ಲವೇ ಎರಡು ಸಲ ಉಪ್ಪು ಬಿದ್ದ ದೋಸೆ. ರುಬ್ಬಿದವನೂ ಬಲ್ಲವನೇ, ಹೊಯ್ದವನೂ ಬಲ್ಲವನೇ. ಕೆಟ್ಟದ್ದು ಅವರಿಬ್ಬರ ನಡುವೆ.

ದೋಸೆ ಕೆಟ್ಟರೆ ಇನ್ನೊಂದು ಹೊಯ್ಯಬಹುದು. ಎಲ್ಲ ಕೆಲಸಗಳಲ್ಲಿಯೂ ಆ ಅನುಕೂಲವಿಲ್ಲ. 1998ರ ಡಿಸೆಂಬರಿನಲ್ಲಿ ಅಮೆರಿಕದ ನಾಸಾ ಸಂಸ್ಥೆಯು ಮಂಗಳಗ್ರಹದ ಹವೆಯನ್ನು ಪರಿಶೀಲಿಸಲು 'ಮಾರ್ಸ್ ಕ್ಲೈಮೇಟ್ ಆರ್ಬಿಟರ್' ಎಂಬ ನೌಕೆಯನ್ನು ಕಳುಹಿಸಿತು. 1999ರ ಸೆಪ್ಟೆಂಬರ್ 23ರಂದು, ಗ್ರಹವನ್ನು ಸಮೀಪಿಸುತ್ತಿದ್ದಂತೆಯೇ, ಅದು ಕೈತಪ್ಪಿಹೋಯಿತು. ವಿಚಾರಣೆಯಲ್ಲಿ ಹೊರಬಿದ್ದ ಕಾರಣ ಇದು: ನೌಕೆಯನ್ನು ಕಟ್ಟಿದ ಕಂಪೆನಿಯ ಪ್ರೋಗ್ರಾಮು ನೂಕುಬಲದ ಲೆಕ್ಕವನ್ನು ಪೌಂಡಿನ ಮಾನದಲ್ಲಿ ಕೊಡುತ್ತಿತ್ತು, ದಾರಿಯ ಲೆಕ್ಕ ಹಾಕುವವರು ಅದನ್ನು ಮೆಟ್ರಿಕ್ ಮಾನವೆಂದು ತಿಳಿದು ಉಪಯೋಗಿಸುತ್ತಿದ್ದರು. ಗ್ರಹದ ಮೇಲೆ ಸುಮಾರು 226 ಕಿಲೋಮೀಟರ್ ಎತ್ತರದಲ್ಲಿ ಹಾಯಬೇಕಾಗಿದ್ದ ನೌಕೆಯು ಸುಮಾರು 57 ಕಿಲೋಮೀಟರಿಗೆ ಇಳಿದುಬಿಟ್ಟಿತ್ತು. ಲೆಕ್ಕ ಎಲ್ಲಿಯೋ ಹೊಂದುತ್ತಿಲ್ಲವೆಂಬ ಅನುಮಾನ ಕೆಲವರಿಗೆ ಮೊದಲೇ ಬಂದಿತ್ತು. ಆದರೆ ಅದು ಗೊತ್ತುಪಡಿಸಿದ ಮಾರ್ಗದಲ್ಲಿ ಮೇಲಿನವರನ್ನು ಮುಟ್ಟಿ ವಿಚಾರಣೆಗೆ ಬರಲಿಲ್ಲ. ತಂಡಗಳ ನಡುವೆ ಸರಿಯಾದ ಮಾತುಕತೆ ಇಲ್ಲದಿದ್ದುದೂ ಒಂದು ಕಾರಣವೆಂದು ವಿಚಾರಣಾ ಮಂಡಲಿಯೇ ದಾಖಲಿಸಿತು. ಅಲ್ಲಿದ್ದವರಲ್ಲಿ ಗಣಿತ ಬಾರದವರು ಯಾರೂ ಇರಲಿಲ್ಲವೆಂಬುದನ್ನು ನಾವು ನೆನಪಿಡಬೇಕು.

ಈಗ ಕಾಲೇಜಿನ ಗುಂಪಿಗೆ ಹಿಂದಿರುಗೋಣ. ನಾಲ್ವರಲ್ಲಿ ಮೂವರು ಹಿಂದೆ ಸರಿಯುವುದು ಅವರ ದುರ್ಗುಣದಿಂದಲೇ ಎಂದು ತಿಳಿಯುವುದು ಸರಿಯಲ್ಲ. ಫ್ರಾನ್ಸಿನ ಕೃಷಿ ಇಂಜಿನಿಯರ್ ಮ್ಯಾಕ್ಸ್ ರಿಂಗೆಲ್ಮಾನರು 1913ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಜನರು ಕೂಡಿ ಎಳೆದಾಗ ಒಬ್ಬೊಬ್ಬನ ಪಾಲಿನ ಬಲವು ಒಬ್ಬನೇ ಎಳೆದಾಗ ಇದ್ದುದಕ್ಕಿಂತ ಕಡಮೆಯಾಗುವುದು ಕಂಡುಬಂತು; ಎಂಟು ಜನರಾದಾಗ ಅದು ಸುಮಾರು ಅರ್ಧಕ್ಕೆ ಇಳಿದಿತ್ತು. 1979ರಲ್ಲಿ ಅಮೆರಿಕದ ಬಿಬ್ ಲಟಾನೆ ಮತ್ತು ಸಂಗಡಿಗರು ಚಪ್ಪಾಳೆ ತಟ್ಟಿಸಿ, ಕೂಗು ಹಾಕಿಸಿ ಇದನ್ನೇ ಮತ್ತೆ ಪರೀಕ್ಷಿಸಿದರು. ಗುಂಪಿನಲ್ಲಿ ಮನುಷ್ಯನು ತನಗರಿವಿಲ್ಲದೆಯೇ ಕೈ ಸಡಿಲಿಸುತ್ತಾನೆ. ಅದೇ ವಿದ್ವಾಂಸರ ಮುಂದಿನ ಪ್ರಯೋಗವೊಂದರಲ್ಲಿ, ಒಬ್ಬೊಬ್ಬರ ಧ್ವನಿಯನ್ನೂ ಬೇರೆ ಬೇರೆಯಾಗಿ ಗುರುತಿಸಲಾಗುತ್ತದೆಂದು ತಿಳಿದಾಗ ಈ ಸಡಿಲಿಕೆ ಹೋಯಿತು. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ನಮ್ಮ ಗಾದೆ ನಿಜವಾಗಬೇಕಾದರೆ ಯಾರು ಯಾವ ಕಡ್ಡಿ ತಂದರೆಂಬುದು ಕಾಣುವಂತಿರಬೇಕು. ನಾಲ್ವರಿಗೂ ಒಂದೇ ಅಂಕ ಕೊಡುವ ಪದ್ಧತಿಯು ಈ ಕಾಣುವಿಕೆಯನ್ನೇ ಅಳಿಸಿಬಿಡುತ್ತದೆ.

ಕಾಗದದ ಮೇಲೆ ಎಲ್ಲವೂ ಸರಿಯಾಗಿಯೇ ಇದೆ. 2014ರ ಜೂನಿನಲ್ಲಿ ಭಾರತವು 'ವಾಷಿಂಗ್ಟನ್ ಅಕಾರ್ಡ್' ಎಂಬ, ಇಂಜಿನಿಯರಿಂಗ್ ಪದವಿಗಳ ಅಂತರರಾಷ್ಟ್ರೀಯ ಒಪ್ಪಂದದ ಪೂರ್ಣ ಸದಸ್ಯತ್ವ ಪಡೆಯಿತು. ಕಾಲೇಜುಗಳಿಗೆ ಮಾನ್ಯತೆ ನೀಡುವ ರಾಷ್ಟ್ರೀಯ ಮಂಡಲಿಯು, ಪದವೀಧರನಲ್ಲಿ ಇರಬೇಕಾದ ಗುಣಗಳ ಪಟ್ಟಿಯಲ್ಲಿ, ತಂಡದಲ್ಲಿ ಕೆಲಸ ಮಾಡುವ ಸಾಮರ್ಥ್ಯವನ್ನೂ ಸ್ಪಷ್ಟವಾಗಿ ಸೇರಿಸಿದೆ. ಮಾನ್ಯತೆ ಬಯಸುವ ಕಾಲೇಜು ತಾನು ಇದನ್ನು ಸಾಧಿಸಿದ್ದೇನೆಂದು ತೋರಿಸಬೇಕು. ಆದರೆ ಕಡತದಲ್ಲಿ ತೋರಿಸುವುದು ಬೇರೆ, ತರಗತಿಯಲ್ಲಿ ಕಲಿಸುವುದು ಬೇರೆ. ಪ್ರಾಜೆಕ್ಟು ಇದೆ, ಗುಂಪು ಇದೆ, ಆದುದರಿಂದ ತಂಡಗಾರಿಕೆಯೂ ಇದೆ ಎಂಬ ತರ್ಕವು ಅಡುಗೆಮನೆ ಇದೆ, ಆದುದರಿಂದ ಊಟ ಸಿದ್ಧವಾಗಿದೆ ಎಂದಂತೆ.

ಹಾಗಾದರೆ ಕಲಿಸುವುದು ಹೇಗೆ? ಈ ಕುರಿತು ಯೋಚಿಸಿದವರು, ಬರೆದವರು, ಮಾಡಿ ನೋಡಿದವರು ಇದ್ದಾರೆ. ಅಮೆರಿಕದ ಇಂಜಿನಿಯರಿಂಗ್ ಅಧ್ಯಾಪಕರಾದ ಬಾರ್ಬರಾ ಓಕ್ಲಿ, ರಿಚರ್ಡ್ ಫೆಲ್ಡರ್ ಮೊದಲಾದವರು 2004ರಲ್ಲಿ ಪ್ರಕಟಿಸಿದ ಲೇಖನವೊಂದು ಇಂದಿಗೂ ಅಧ್ಯಾಪಕರಿಗೆ ಕೈಪಿಡಿಯಂತಿದೆ. ಗುಂಪುಗಳನ್ನು ವಿದ್ಯಾರ್ಥಿಗಳ ಇಷ್ಟಕ್ಕೆ ಬಿಡದೆ ಅಧ್ಯಾಪಕರೇ ರಚಿಸಬೇಕೆಂಬುದು ಅದರ ಮೊದಲ ಸಲಹೆ. ಗೆಳೆಯರೇ ಸೇರಿಕೊಂಡರೆ ಬಲ್ಲವರೆಲ್ಲ ಒಂದೆಡೆ, ಹಿಂದುಳಿದವರೆಲ್ಲ ಇನ್ನೊಂದೆಡೆ ಆಗುತ್ತಾರೆ; ಗೆಳೆಯನ ತಪ್ಪನ್ನು ಗೆಳೆಯನು ಮುಚ್ಚುತ್ತಾನೆ. ಎರಡನೆಯದು, ಕೆಲಸಕ್ಕೆ ಮುನ್ನವೇ ತಂಡದವರು ಒಂದು ಕರಾರನ್ನು ಬರೆದು ಸಹಿ ಹಾಕಬೇಕು: ಯಾವಾಗ ಸೇರಬೇಕು, ಬರಲಾಗದಿದ್ದರೆ ಯಾರಿಗೆ ತಿಳಿಸಬೇಕು, ಒಪ್ಪಿಕೊಂಡ ಕೆಲಸ ಮುಗಿಯದಿದ್ದರೆ ಏನು ಮಾಡಬೇಕು ಎಂಬುದೆಲ್ಲ ಅದರಲ್ಲಿರಬೇಕು. ಮೂರನೆಯದು, ಹೊಣೆಗಳನ್ನು ಸರದಿಯಂತೆ ಬದಲಾಯಿಸಬೇಕು. ಈ ಬಾರಿ ಸಭೆ ಕರೆದವನು ಮುಂದಿನ ಬಾರಿ ಟಿಪ್ಪಣಿ ಬರೆಯಬೇಕು, ಅದರ ಮುಂದಿನ ಬಾರಿ ಎಲ್ಲರ ಕೆಲಸವನ್ನೂ ಸರಿನೋಡಬೇಕು. ಕೊನೆಯದಾಗಿ, ತಂಡದವರೇ ಪರಸ್ಪರರ ಪಾಲನ್ನು ಅಳೆದು ಕೊಟ್ಟ ಅಭಿಪ್ರಾಯವು ಒಬ್ಬೊಬ್ಬರ ಅಂಕದಲ್ಲಿಯೂ ಕಾಣಿಸಿಕೊಳ್ಳಬೇಕು.

ಪರಸ್ಪರರನ್ನು ಅಳೆಯುವುದಕ್ಕೂ ಒಂದು ಅಳತೆಗೋಲು ಬೇಕು. 'ಅವನು ಹೇಗೆ?' ಎಂದು ಕೇಳಿದರೆ 'ಒಳ್ಳೆಯವನು' ಎಂಬ ಉತ್ತರ ಬರುತ್ತದೆ. ಅದರಿಂದ ಯಾರಿಗೂ ಪ್ರಯೋಜನವಿಲ್ಲ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದ ಮ್ಯಾಥ್ಯೂ ಓಲಂಡ್ ಮತ್ತು ಸಂಗಡಿಗರು ರೂಪಿಸಿದ 'ಕ್ಯಾಟ್‌ಮಿ' ಎಂಬ ಸಾಧನವು ಐದು ವಿಷಯಗಳನ್ನು ಬೇರೆ ಬೇರೆಯಾಗಿ ಕೇಳುತ್ತದೆ: ಕೆಲಸದಲ್ಲಿ ತನ್ನ ಪಾಲನ್ನು ಮಾಡಿದನೇ; ಸಂಗಡಿಗರೊಡನೆ ಹೇಗೆ ನಡೆದುಕೊಂಡನು; ತಂಡವು ದಾರಿ ತಪ್ಪದಂತೆ ನೋಡಿಕೊಂಡನೇ; ಕೆಲಸ ಉತ್ತಮವಾಗಿರಬೇಕೆಂದು ಬಯಸಿದನೇ; ಅದಕ್ಕೆ ಬೇಕಾದ ತಿಳುವಳಿಕೆ ಅವನಲ್ಲಿತ್ತೇ. ಒಂದೊಂದಕ್ಕೂ ಕಣ್ಣಿಗೆ ಕಾಣುವ ನಡತೆಯ ವರ್ಣನೆಗಳನ್ನು ಕೊಟ್ಟು, ಯಾವುದು ಹೊಂದುತ್ತದೆಂದು ಗುರುತಿಸಲು ಹೇಳುತ್ತದೆ. ಇದಕ್ಕೆ ಯಂತ್ರವೇ ಬೇಕೆಂದೇನೂ ಇಲ್ಲ. ಈ ಐದು ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಹಂಚುವುದು ಯಾವ ಕಾಲೇಜಿಗೂ ಭಾರವಾಗಲಾರದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ತಪ್ಪನ್ನು ತಿಳಿಸುವುದಕ್ಕೂ ಅಂಕ ಕೊಡುವುದಕ್ಕೂ ವ್ಯತ್ಯಾಸವಿದೆ. ವರ್ಷದ ಕೊನೆಯಲ್ಲಿ ಮಾತ್ರ ಹಾಳೆ ಹಂಚಿದರೆ ಅದು ತೀರ್ಪು. ತಿದ್ದಿಕೊಳ್ಳಲು ಕಾಲವೇ ಉಳಿದಿರುವುದಿಲ್ಲ. ಕೆಲಸದ ನಡುವೆ ಎರಡು ಮೂರು ಸಲ, ಅಂಕದ ಭಯವಿಲ್ಲದೆ, ಅಭಿಪ್ರಾಯ ವಿನಿಮಯ ನಡೆಯಬೇಕು. ಅಡುಗೆ ಭಟ್ಟರಿಗೆ ಹುಳಿಯಲ್ಲಿ ಉಪ್ಪಿಲ್ಲವೆಂದು ಹೇಳಬೇಕಾದ್ದು ಪಾತ್ರೆ ಒಲೆಯ ಮೇಲಿರುವಾಗಲೇ ಹೊರತು ಗಿರಾಕಿ ಎದ್ದುಹೋದ ಮೇಲಲ್ಲ.

ಇನ್ನು ಹೇಳುವ ಬಗೆ. ಪ್ರೋಗ್ರಾಮು ಬರೆಯುವವನು ಅದನ್ನು ತನ್ನ ಸ್ವಂತ ಸೊತ್ತೆಂದು ಭಾವಿಸುವುದರಿಂದಲೇ ಅದರೊಳಗಿನ ತಪ್ಪು ಅವನಿಗೆ ಕಾಣದೆಂದು ಜೆರಾಲ್ಡ್ ವೈನ್‌ಬರ್ಗ್ ಎಂಬವರು 1971ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಮ್ಮವರು ಹೇಳುವುದೂ ಇದನ್ನೇ. ಐ.ಬಿ.ಎಂ. ಕಂಪೆನಿಯ ಮೈಕೇಲ್ ಫೇಗನ್ 1976ರಲ್ಲಿ ಪ್ರಕಟಿಸಿದ ಪದ್ಧತಿಯಲ್ಲಿ ನಾಲ್ಕಾರು ಜನ ಕುಳಿತು ಒಬ್ಬನ ಪ್ರೋಗ್ರಾಮನ್ನು ಸಾಲುಸಾಲಾಗಿ ಓದುತ್ತಾರೆ. ಸಭೆಯನ್ನು ನಡೆಸಲು ಒಬ್ಬ ಮಧ್ಯಸ್ಥನಿರುತ್ತಾನೆ. ತಪ್ಪುಗಳನ್ನು ಹುಡುಕುವುದಷ್ಟೇ ಅಲ್ಲಿಯ ಕೆಲಸ. ಬರೆದವನ ಯೋಗ್ಯತೆಯನ್ನು ಅಳೆಯಲು ಆ ಸಭೆಯನ್ನು ಉಪಯೋಗಿಸಕೂಡದು. ಇಂದಿನ ಸಾಫ್ಟ್‌ವೇರ್ ಕಂಪೆನಿಗಳಲ್ಲಿ ಒಬ್ಬನು ಬರೆದುದನ್ನು ಇನ್ನೊಬ್ಬನು ಓದಿ ಒಪ್ಪಿದ ಮೇಲೆಯೇ ಮುಂದಕ್ಕೆ ಕಳುಹಿಸುವ 'ಕೋಡ್ ರಿವ್ಯೂ' ಎಂಬ ಪದ್ಧತಿ ಇದರ ಸಂತತಿಯೇ.

ನಮ್ಮ ಮಕ್ಕಳು ಎಡವುವುದು ಇಲ್ಲಿ. ಹದಿನಾರು ವರ್ಷ ಕಾಲ ಅವರ ಉತ್ತರಪತ್ರಿಕೆಯನ್ನು ಅಧ್ಯಾಪಕರ ಹೊರತು ಬೇರೆ ಯಾರೂ ಓದಿರುವುದಿಲ್ಲ. ಅವರೂ ಇನ್ನೊಬ್ಬರ ಬರವಣಿಗೆಯನ್ನು ಓದಿ ಅಭಿಪ್ರಾಯ ಹೇಳಿರುವುದಿಲ್ಲ. ಉದ್ಯೋಗಕ್ಕೆ ಸೇರಿದ ಮೊದಲ ತಿಂಗಳಲ್ಲಿಯೇ ತಾನು ಬರೆದ ಇಪ್ಪತ್ತು ಸಾಲಿಗೆ ಹತ್ತು ಆಕ್ಷೇಪಣೆಗಳು ಬಂದಾಗ ಹುಡುಗನು ಅದನ್ನು ಅವಮಾನವೆಂದು ತಿಳಿಯುತ್ತಾನೆ. ಹುಡುಗಿಯು ತನಗೆ ಈ ಕೆಲಸವೇ ಬಾರದೆಂದು ಕಂಗೆಡುತ್ತಾಳೆ. ಅತ್ತ ಹಿರಿಯರ ಬರಹದಲ್ಲಿ ತಪ್ಪು ಕಂಡರೂ ಹೇಳುವ ಧೈರ್ಯ ಸಾಲದೆ ಇಬ್ಬರೂ ಸುಮ್ಮನಾಗುತ್ತಾರೆ. ವಿದ್ಯೆಯಲ್ಲಿ ಕೊರತೆಯಿಲ್ಲದಿದ್ದರೂ ಅಭ್ಯಾಸವಿಲ್ಲದಿದ್ದುದರಿಂದ ಹೀಗಾಗುತ್ತದೆ.

ಅಭಿಪ್ರಾಯ ಹೇಳುವುದೆಲ್ಲ ಒಳ್ಳೆಯದನ್ನೇ ಮಾಡುತ್ತದೆಂದೂ ಭಾವಿಸಬಾರದು. ಅವ್ರಾಹಂ ಕ್ಲೂಗರ್ ಮತ್ತು ಏಂಜೆಲೊ ಡಿನೀಸಿ ಎಂಬ ವಿದ್ವಾಂಸರು 1996ರಲ್ಲಿ, ಅಲ್ಲಿಯವರೆಗಿನ ಆರುನೂರಕ್ಕೂ ಹೆಚ್ಚು ಫಲಿತಾಂಶಗಳನ್ನು ಕೂಡಿಸಿ ನೋಡಿದಾಗ, ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಸಂದರ್ಭಗಳಲ್ಲಿ ಅಭಿಪ್ರಾಯ ತಿಳಿಸಿದ ಮೇಲೆ ಕೆಲಸ ಇನ್ನೂ ಕೆಟ್ಟದ್ದು ಕಂಡುಬಂತು. ಮಾತು ಕೆಲಸವನ್ನು ಬಿಟ್ಟು ಮನುಷ್ಯನ ಕಡೆಗೆ ತಿರುಗಿದಷ್ಟೂ ಅದರ ಫಲ ಕುಗ್ಗುತ್ತದೆಂಬುದು ಅವರ ನಿರ್ಣಯದ ತಿರುಳು.

ಒಂದು ಉದಾಹರಣೆ ಕೊಡೋಣ. 'ನಿನಗೆ ಪ್ರೋಗ್ರಾಮು ಬರೆಯಲು ಬರುವುದಿಲ್ಲ' ಎಂದರೆ ಅದು ಬೈಗುಳ. 'ಪರವಾಗಿಲ್ಲ, ಚೆನ್ನಾಗಿದೆ' ಎಂದರೆ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ; ಅತ್ತಲೂ ಬೆಳಕಿಲ್ಲ, ಇತ್ತಲೂ ಬೆಳಕಿಲ್ಲ. 'ವಯಸ್ಸಿನ ಜಾಗವನ್ನು ಖಾಲಿ ಬಿಟ್ಟರೆ ನಿನ್ನ ಪ್ರೋಗ್ರಾಮು ಅಲ್ಲಿಯೇ ನಿಂತುಬಿಡುತ್ತದೆ. ನಾನು ಮೂರು ಸಲ ನಡೆಸಿ ನೋಡಿದೆ. ಖಾಲಿ ಬಿಟ್ಟದ್ದನ್ನು ಮೊದಲೇ ಹಿಡಿಯುವಂತೆ ಮಾಡಿದರೆ ಹೇಗೆ?' ಎಂದರೆ ಅದು ಉಪಕಾರ. ಇದರಲ್ಲಿ ಕಂಡದ್ದೇನೆಂಬುದು ಇದೆ, ಹೇಗೆ ಕಂಡಿತೆಂಬುದು ಇದೆ, ಮುಂದೇನು ಮಾಡಬಹುದೆಂಬುದೂ ಇದೆ. ನಡತೆಯ ಕುರಿತೂ ಹೀಗೆಯೇ: 'ನೀನು ಸೋಮಾರಿ' ಎನ್ನುವುದಕ್ಕಿಂತ 'ಎರಡು ಬುಧವಾರ ನೀನು ಸಭೆಗೆ ಬರಲಿಲ್ಲ, ನಿನ್ನ ಭಾಗ ಸಿಗದೆ ನನ್ನದನ್ನು ಪರೀಕ್ಷಿಸಲಾಗಲಿಲ್ಲ. ಬೇರೆ ದಿನ ಗೊತ್ತುಮಾಡೋಣವೇ?' ಎನ್ನುವುದು ಮೇಲು. ಇಂತಹ ಮಾತು ತಾನಾಗಿ ಬಾಯಿಗೆ ಬರುವುದಿಲ್ಲ. ಅಧ್ಯಾಪಕರು ಮಾದರಿಗಳನ್ನು ತೋರಿಸಿ, ಬರೆಯಿಸಿ, ತಿದ್ದಬೇಕು. ಕೇಳುವವನಿಗೂ ಪಾಠ ಬೇಕು: ಕೂಡಲೇ ಸಮರ್ಥಿಸಿಕೊಳ್ಳದೆ ಪೂರ್ತಿಯಾಗಿ ಕೇಳಿ, ತಿಳಿಯದುದನ್ನು ವಿಚಾರಿಸಿ, ಯಾವುದನ್ನು ತಿದ್ದುತ್ತೇನೆ, ಯಾವುದನ್ನು ಏಕೆ ತಿದ್ದುವುದಿಲ್ಲ ಎಂದು ಉತ್ತರ ಕೊಡುವುದನ್ನು ಅವನೂ ಕಲಿಯಬೇಕು.

ಈ ವಿಷಯದಲ್ಲಿ ನಮ್ಮ ಹೋಟೆಲ್ ಉದ್ಯಮವನ್ನು ಮಾದರಿಯೆಂದು ಪೂರ್ತಿಯಾಗಿ ಹೊಗಳಲು ನಾವು ಸಿದ್ಧರಿಲ್ಲ. ಗಲ್ಲೆಯಿಂದ ಮೋರಿಯವರೆಗೆ ಕೈಗೆ ಕೈ ಕೂಡಿಸಿ ನಡೆಯುವ ಕೆಲಸದ ಹೊಂದಿಕೆ ಅಲ್ಲಿದೆ. ಅದರಿಂದ ಕಲಿಯುವುದು ಬೇಕಾದಷ್ಟಿದೆ. ಆದರೆ ತಪ್ಪನ್ನು ತಿಳಿಸುವ ಮಾರ್ಗವು ಅಲ್ಲಿ ಬಹುಕಾಲ ಬೈಗುಳವೇ ಆಗಿತ್ತು. ಅದೂ ಮೇಲಿನಿಂದ ಕೆಳಕ್ಕೆ ಮಾತ್ರ. ಕ್ಲೀನರ್ ಹುಡುಗನು ಕಂಡ ತಪ್ಪನ್ನು ಮಾಲಿಕರಿಗೆ ಹೇಳುವ ದಾರಿ ಎಷ್ಟು ಹೋಟೆಲುಗಳಲ್ಲಿ ಇತ್ತು? ಹಾಗೆ ಬೈಗುಳ ಕೇಳಿ ಬೆಳೆದ ತಂದೆಯು ಮಗನಿಗೆ ಹೇಳುವ ಬುದ್ಧಿಮಾತು ಸಾಮಾನ್ಯವಾಗಿ ಒಂದೇ: 'ಬಾಯಿ ಮುಚ್ಚಿಕೊಂಡು ನಿನ್ನ ಕೆಲಸ ನೀನು ಮಾಡು.' ಪರಊರಿನಲ್ಲಿ ಹೊಟ್ಟೆ ಹೊರೆಯಬೇಕಾದವನಿಗೆ ಅದು ರಕ್ಷೆಯಾಗಿತ್ತು. ಇಂಜಿನಿಯರನಿಗೆ ಅದೇ ಅಡ್ಡಿಯಾಗುತ್ತದೆ.

ನಮ್ಮಂತಹ ಮನೆಗಳ ಮಕ್ಕಳಿಗೆ ಹಾನಿ ಹೆಚ್ಚೆಂದು ನಾವು ಹೇಳಿದ್ದು ಇದಕ್ಕಾಗಿಯೇ. ಇಂಗ್ಲಿಷಿನಲ್ಲಿ ಅರಳು ಹುರಿದಂತೆ ಮಾತಾಡುವ ಸಹಪಾಠಿಯ ಮುಂದೆ, ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡಿ ಬೆಳೆದ ಹುಡುಗನು ಪ್ರೋಗ್ರಾಮು ಬರೆಯುವವನಾಗಿ ಹಿಂದೆ ಕೂಡುತ್ತಾನೆ, ವಿವರಿಸುವವನು ಇನ್ನೊಬ್ಬ. ಹುಡುಗಿಯು ಬುದ್ಧಿವಂತೆಯಾಗಿದ್ದರೂ ಗುಂಪಿನಲ್ಲಿ ಒಬ್ಬಳೇ ಆದರೆ ವರದಿ ಬರೆಯುವ ಕೆಲಸವೇ ಅವಳ ಪಾಲಿಗೆ ಬರುವುದುಂಟು. ಇಂಥವರನ್ನು ಗುಂಪಿನಲ್ಲಿ ಒಂಟಿಯಾಗಿ ಬಿಡಬಾರದೆಂದು ಮೇಲೆ ಹೇಳಿದ 2004ರ ಲೇಖನವೂ ಎಚ್ಚರಿಸುತ್ತದೆ. ಹೊಣೆಗಳನ್ನು ಸರದಿಗೆ ಹಾಕಿದರೆ ಹಿಂದೆ ಕೂತವನಿಗೂ ಎದ್ದು ಮಾತಾಡುವ ಸರದಿ ಬರುತ್ತದೆ. ಟೈಪು ಮಾಡುವವಳಿಗೂ ಪ್ರೋಗ್ರಾಮು ಬರೆಯುವ ಸರದಿ ಬರುತ್ತದೆ. ನಿಯಮವೇ ಇಲ್ಲದ ಗುಂಪಿನಲ್ಲಿ ಗೆಲ್ಲುವುದು ಬಾಯಿಬಲ.

ಆಕ್ಷೇಪಣೆಗಳನ್ನೂ ಪರಿಶೀಲಿಸೋಣ. ತರಗತಿಯಲ್ಲಿ ಅರವತ್ತು ಮಕ್ಕಳಿರುವಾಗ ಅಧ್ಯಾಪಕರಿಗೆ ಇದಕ್ಕೆಲ್ಲ ಕಾಲವೆಲ್ಲಿದೆ ಎಂದು ಕೇಳಬಹುದು. ಅರವತ್ತು ಮಕ್ಕಳೆಂದರೆ ನಾಲ್ಕರಂತೆ ಹದಿನೈದು ತಂಡಗಳು. ತಂಡಕ್ಕೆ ಹತ್ತು ನಿಮಿಷದಂತೆ ಎರಡೂವರೆ ಗಂಟೆ. ಪ್ರಾಜೆಕ್ಟಿಗೆಂದು ಮೀಸಲಿಟ್ಟ ತಾಸುಗಳಲ್ಲಿ ಹದಿನೈದು ದಿನಕ್ಕೊಮ್ಮೆ ಇಷ್ಟು ಕಾಲ ಒದಗದಿರದು. ಗೆಳೆಯರು ಪರಸ್ಪರ ಪೂರ್ಣಾಂಕ ಕೊಟ್ಟುಕೊಳ್ಳುತ್ತಾರೆ, ಆಗದವರು ಸೇಡು ತೀರಿಸಿಕೊಳ್ಳುತ್ತಾರೆ ಎಂಬುದು ಎರಡನೆಯ ಆಕ್ಷೇಪಣೆ. ಇದು ನಿಜವಾದ ಅಪಾಯ. ಜಾತಿ, ಭಾಷೆ, ಊರುಗಳ ಒಲವೂ ಇದರಲ್ಲಿ ನುಸುಳಬಹುದು. ಆದುದರಿಂದಲೇ ಸಹಪಾಠಿಗಳ ಅಭಿಪ್ರಾಯವೊಂದನ್ನೇ ನೆಚ್ಚದೆ, ಸಭೆಯ ಟಿಪ್ಪಣಿಗಳೊಡನೆಯೂ ಕೆಲಸದ ದಾಖಲೆಯೊಡನೆಯೂ ಅದನ್ನು ತಾಳೆ ನೋಡಬೇಕು. 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ 'ಗಿಟ್' ಎಂಬ ಸಾಧನದಲ್ಲಿ ಯಾರು, ಯಾವ ದಿನ, ಯಾವ ಸಾಲನ್ನು ಬದಲಿಸಿದರೆಂಬುದೆಲ್ಲ ದಾಖಲಾಗಿರುತ್ತದೆ. ಅಲ್ಲಿಯೂ ಸಾಲುಗಳನ್ನು ಎಣಿಸಿ ಅಂಕ ಕೊಡುವುದು ಮೂರ್ಖತನ. ನೂರು ಸಾಲು ಬರೆದವನಿಗಿಂತ ಇನ್ನೊಬ್ಬನ ನೂರು ಸಾಲಿನಲ್ಲಿದ್ದ ಒಂದು ತಪ್ಪನ್ನು ಹಿಡಿದವನು ಹೆಚ್ಚು ಉಪಕಾರ ಮಾಡಿರಬಹುದು. ಕೊನೆಯ ಮಾತು ಅಧ್ಯಾಪಕರದ್ದೇ ಆಗಿರಬೇಕು.

ಇಂದು ಯಂತ್ರವೇ ಪ್ರೋಗ್ರಾಮು ಬರೆದುಕೊಡುತ್ತಿರುವಾಗ ಇದೆಲ್ಲ ಏಕೆಂದು ಕೇಳುವವರೂ ಇದ್ದಾರೆ. ನಮಗೆ ತೋರುವುದು ಇದಕ್ಕೆ ವಿರುದ್ಧ. ಯಂತ್ರವು ಬರೆದುದನ್ನು ಒಪ್ಪಬೇಕೋ ಬಿಡಬೇಕೋ ಎಂದು ನಿರ್ಣಯಿಸುವುದಕ್ಕೆ ತಾನು ಬರೆಯದ ಬರಹವನ್ನು ಓದಿ ತಪ್ಪು ಹಿಡಿಯುವ ಅಭ್ಯಾಸವೇ ಬೇಕು. ಸಹಪಾಠಿಯ ಪ್ರೋಗ್ರಾಮನ್ನು ಓದಿ ಕಲಿತವನಿಗೆ ಆ ಕಣ್ಣು ಬಂದಿರುತ್ತದೆ.

ತಂದೆತಾಯಿಗಳೊಡನೆ ಒಂದು ಮಾತು. 'ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು' ಎಂಬ ಗಾದೆ ನಮ್ಮಲ್ಲಿದೆ. ಹೊಲಮನೆಗೆ ಅದು ಒಪ್ಪಬಹುದು. ನೂರು ಜನ ಸೇರಿ ಒಂದನ್ನು ಕಟ್ಟುವ ಈ ಉದ್ಯೋಗಕ್ಕೆ ಒಪ್ಪದು. 'ನಮ್ಮ ಹುಡುಗ ಒಬ್ಬನೇ ಪ್ರಾಜೆಕ್ಟನ್ನೆಲ್ಲ ಮಾಡಿದ' ಎಂದು ಹೆಮ್ಮೆಪಡುವ ಬದಲು, ಉಳಿದ ಮೂವರು ಏಕೆ ಮಾಡಲಿಲ್ಲ, ಅವರಿಗೆ ಅವನು ಜಾಗ ಬಿಟ್ಟನೇ ಎಂದು ಕೇಳಬೇಕು. 'ಎಷ್ಟು ಅಂಕ ಬಂತು?' ಎಂಬ ಪ್ರಶ್ನೆಯ ಜೊತೆಗೆ 'ನಿನ್ನ ಕೆಲಸವನ್ನು ಯಾರು ಓದಿದರು? ಏನು ಹೇಳಿದರು? ನೀನು ಯಾರದನ್ನು ಓದಿದೆ?' ಎಂಬ ಪ್ರಶ್ನೆಗಳೂ ಮನೆಯಲ್ಲಿ ಕೇಳಿಬರಲಿ. ಕಾಲೇಜಿಗೆ ಸೇರಿಸುವಾಗ ಫೀಸು, ಹಾಸ್ಟೆಲು, ಉದ್ಯೋಗಗಳ ಕುರಿತು ವಿಚಾರಿಸುವಂತೆ, ಪ್ರಾಜೆಕ್ಟಿನ ಗುಂಪನ್ನು ಯಾರು ರಚಿಸುತ್ತಾರೆ, ಒಬ್ಬೊಬ್ಬರ ಪಾಲನ್ನು ಹೇಗೆ ಅಳೆಯುತ್ತಾರೆ ಎಂಬುದನ್ನೂ ವಿಚಾರಿಸಲಿ. ಇದನ್ನು ಕೇಳಲು ಇಂಗ್ಲಿಷ್ ಬೇಕಾಗಿಲ್ಲ, ಪದವಿಯೂ ಬೇಕಾಗಿಲ್ಲ.

ನಮ್ಮ ಸಂಘಸಂಸ್ಥೆಗಳೂ ಸ್ವಲ್ಪ ಮನಸ್ಸು ಮಾಡಬೇಕು. ದಿನವಿಡೀ ಹೋಟೆಲಿನಲ್ಲಿ ದುಡಿದ ಹುಡುಗರಿಗೆ ಅಕ್ಷರ ಕಲಿಸಿದ ಕನ್ನಡ ರಾತ್ರಿಶಾಲೆಗಳ ಪರಂಪರೆ ಮುಂಬಯಿಯ ಕನ್ನಡಿಗರದು. ಸಾಫ್ಟ್‌ವೇರ್ ಕಂಪೆನಿಗಳಲ್ಲಿ ಉದ್ಯೋಗದಲ್ಲಿರುವ ನಮ್ಮ ಯುವಕ ಯುವತಿಯರು ಮುಂಬಯಿ, ಪುಣೆ, ಹೈದರಾಬಾದು, ಚೆನ್ನೈಗಳಲ್ಲಿ ಇದ್ದಾರೆ. ತಿಂಗಳಿಗೊಂದು ಭಾನುವಾರ ಸಂಘದ ಸಭಾಂಗಣದಲ್ಲಿ ಅವರು ವಿದ್ಯಾರ್ಥಿಗಳನ್ನು ಸೇರಿಸಿ, ಪರಸ್ಪರರ ಪ್ರೋಗ್ರಾಮುಗಳನ್ನು ಓದಿಸಿ, ಅಭಿಪ್ರಾಯ ಹೇಳುವುದನ್ನೂ ಕೇಳುವುದನ್ನೂ ಅಭ್ಯಾಸ ಮಾಡಿಸಬಹುದು. ವಾರ್ಷಿಕೋತ್ಸವದ ಸನ್ಮಾನಗಳಿಗೆ ತಗಲುವ ಖರ್ಚಿನ ಒಂದು ಅಂಶವೂ ಇದಕ್ಕೆ ಬೇಕಾಗದು.

ಕಾಲೇಜುಗಳು ತಮ್ಮ ಕರ್ತವ್ಯವನ್ನು ಮಾಡಲೇಬೇಕು. ಅವು ಮಾಡುವವರೆಗೆ ನಾವು ಕೈಕಟ್ಟಿ ಕೂಡಬೇಕಾಗಿಲ್ಲ. ಮುಂದಿನ ಪ್ರಾಜೆಕ್ಟಿನ ಗುಂಪುಗಳು ರಚನೆಯಾಗುವ ಮೊದಲು ಈ ಪ್ರಶ್ನೆಗಳು ನಮ್ಮ ಮನೆಗಳಲ್ಲಿಯೂ ಕಾಲೇಜಿನ ಕಚೇರಿಗಳಲ್ಲಿಯೂ ಕೇಳಿಬರುವುವೆಂದು ಆಶಿಸುತ್ತೇವೆ.